ಭದ್ರಾವತಿಯ ವಿಶ್ವೇಶ್ವರಯ್ಯನವರು ಮತ್ತು ಕಾರಿನ ಕನಸು



ಸೆಪ್ಟೆಂಬರ್ 15 ಇಂಜಿನಿಯರುಗಳ ದಿನ. ಅದು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದ ದಿನ. ಅವರ ಬಗ್ಗೆ ಬರೆಯಿರಿ ಅಂದರೆ ನಾವೆಲ್ಲ ಮೊದಲು ಕನ್ನಂಬಾಡಿ ಕಟ್ಟೆ ಅಂತ ಬರೆಯುತ್ತೇವೆ. ಆಮೇಲೆ ಭಾರತ ರತ್ನ ಅಂತ ಬರೆಯುತ್ತೇವೆ. ಅಷ್ಟರಲ್ಲಿ ಪುಟ ತುಂಬಿಹೋಗುತ್ತದೆ. ಈ ಸಲ ಗೋಡೆ ಪತ್ರಿಕೆಯಲ್ಲಿ ಮಹನೀಯರ ಪರಿಚಯ ಬರೆಯುವ ಸರದಿ ನನ್ನದು. ನಾವು ಶಿವಮೊಗ್ಗ ಜಿಲ್ಲೆಯವರು, ಭದ್ರಾವತಿ ನಮ್ಮದೇ ಊರಿದ್ದ ಹಾಗೆ. ಆದ್ದರಿಂದ ಅವರು ಭದ್ರಾವತಿಯಲ್ಲಿ ಮಾಡಿದ ಕೆಲಸವನ್ನೂ, ನಮ್ಮ ದೇಶದಲ್ಲೇ ಕಾರು ತಯಾರಾಗಬೇಕು ಅಂತ ಅವರು ಪಟ್ಟ ಪಾಡನ್ನೂ ಸ್ವಲ್ಪ ಹೆಚ್ಚಾಗಿ ಬರೆದಿದ್ದೇನೆ. ಕಾರಿನ ಒಂದು ಚಿಕ್ಕ ಭಾಗವಾದ ಚೋಕ್ ವಿಷಯವೂ ಇದರಲ್ಲಿ ಇದೆ. ಅದಕ್ಕೂ ಇವರಿಗೂ ಏನು ಸಂಬಂಧ ಅಂತ ಮುಂದೆ ಓದಿದರೆ ತಿಳಿಯುತ್ತದೆ.

ಬಾಲ್ಯ ಮತ್ತು ಓದು

ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿ ಅಂತ ಒಂದು ಹಳ್ಳಿ. ಅಲ್ಲಿಯೇ ಅವರು ಹುಟ್ಟಿದ್ದು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಬಲ್ಲವರು. ಮನೆಯಲ್ಲಿ ವಿದ್ಯೆ ಇತ್ತು, ಹಣ ಇರಲಿಲ್ಲ. ಮಗ ಇನ್ನೂ ಚಿಕ್ಕವನಿದ್ದಾಗಲೇ ತಂದೆ ತೀರಿಕೊಂಡರು. ತಾಯಿ ಧೈರ್ಯ ಬಿಡಲಿಲ್ಲ. ಹುಡುಗ ಬೆಂಗಳೂರಿಗೆ ಹೋಗಿ ಬೇರೆಯವರ ಮಕ್ಕಳಿಗೆ ಪಾಠ ಹೇಳಿಕೊಟ್ಟು, ಆ ದುಡ್ಡಿನಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಆಮೇಲೆ ಮೈಸೂರು ಸರ್ಕಾರ ವಿದ್ಯಾರ್ಥಿ ವೇತನ ಕೊಟ್ಟಿತು. ಅದರಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಸೇರಿ 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲನೆಯವರಾಗಿ ಪಾಸಾದರು. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಆದರು.

ವಿದ್ಯಾರ್ಥಿ ವೇತನ ಇಲ್ಲದಿದ್ದರೆ ಅವರು ಇಂಜಿನಿಯರ್ ಆಗುತ್ತಿದ್ದರೋ ಇಲ್ಲವೋ. ಈ ವಿಷಯ ನಾವು ನೆನಪಿಟ್ಟುಕೊಳ್ಳಬೇಕು.

ತಾನೇ ತೆರೆಯುವ ಬಾಗಿಲು

ಪುಣೆಯ ಹತ್ತಿರ ಖಡಕ್‌ವಾಸ್ಲಾ ಅಂತ ಒಂದು ಜಲಾಶಯ ಇದೆ. ಮಳೆಗಾಲದಲ್ಲಿ ಅದು ತುಂಬಿ ಕೋಡಿ ಬಿದ್ದು ಬಹಳ ನೀರು ಪೋಲಾಗುತ್ತಿತ್ತು. ಬೇಸಿಗೆಯಲ್ಲಿ ನೀರಿಗೆ ತಾಪತ್ರಯ. ಕಟ್ಟೆಯನ್ನೇ ಎತ್ತರ ಮಾಡೋಣ ಅಂದರೆ ಖರ್ಚು ಜಾಸ್ತಿ. ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ಒಂದು ಹೊಸ ಬಗೆಯ ಗೇಟುಗಳನ್ನು ಕೂರಿಸಿದರು. ಅದು 1903ರ ಮಾತು. ನೀರು ಒಂದು ಮಟ್ಟದವರೆಗೆ ಬರುವ ತನಕ ಗೇಟು ಮುಚ್ಚಿಕೊಂಡು ನೀರನ್ನು ಹಿಡಿದಿಡುತ್ತದೆ. ಅದಕ್ಕಿಂತ ಮೇಲೆ ಬಂದರೆ ನೀರಿನ ಬಲದಿಂದಲೇ ಗೇಟು ತೆರೆದುಕೊಳ್ಳುತ್ತದೆ. ಪ್ರವಾಹ ಇಳಿದರೆ ಮತ್ತೆ ತಾನೇ ಮುಚ್ಚಿಕೊಳ್ಳುತ್ತದೆ. ರಾತ್ರಿ ಹೊತ್ತು ಮಳೆಯಲ್ಲಿ ಯಾರೂ ಹೋಗಿ ಚಕ್ರ ತಿರುಗಿಸಬೇಕಾಗಿಲ್ಲ. ಈ ಗೇಟಿಗೆ ಅವರು ಪೇಟೆಂಟ್ ಪಡೆದರು. ಆಮೇಲೆ ಗ್ವಾಲಿಯರ್ ಕಡೆ ಮತ್ತು ನಮ್ಮ ಕೃಷ್ಣರಾಜ ಸಾಗರದಲ್ಲೂ ಈ ಬಗೆಯ ಗೇಟುಗಳು ಬಂದವು.

ಈ ಗೇಟನ್ನು ಮರೆಯಬೇಡಿ. ಚೋಕ್ ವಿಷಯ ಬಂದಾಗ ಇದು ಬೇಕಾಗುತ್ತದೆ.

ಹೈದರಾಬಾದಿನಲ್ಲಿ 1908ರಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ 1909ರಲ್ಲಿ ಇವರನ್ನು ಕರೆಸಿತು. ನಗರದ ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ಪ್ರವಾಹವನ್ನು ತಡೆಯಬೇಕು ಅಂತ ಇವರು ಯೋಜನೆ ಕೊಟ್ಟರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎರಡೂ ಹಾಗೆ ಹುಟ್ಟಿಕೊಂಡವು.

ಮೈಸೂರಿನ ದಿವಾನರು

1909ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಇವರನ್ನು ಮುಖ್ಯ ಇಂಜಿನಿಯರ್ ಆಗಿ ಕರೆಸಿಕೊಂಡಿತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. 1912ರಲ್ಲಿ ಇವರು ದಿವಾನರಾದರು. ಆರು ವರ್ಷದಲ್ಲಿ ಏನೇನು ಆಯಿತು ನೋಡಿ: 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು. ಶ್ರೀಗಂಧದ ಎಣ್ಣೆ ಮತ್ತು ಸಾಬೂನಿನ ಕಾರ್ಖಾನೆಗಳೂ ಆ ಕಾಲದವೇ.

1918ರಲ್ಲಿ ಅವರು ದಿವಾನಗಿರಿ ಬಿಟ್ಟರು. ಹಿಂದುಳಿದ ಜಾತಿಯವರಿಗೆ ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಇರಬೇಕು ಎಂಬ ವಿಷಯದಲ್ಲಿ ಮಹಾರಾಜರಿಗೂ ಇವರಿಗೂ ಅಭಿಪ್ರಾಯ ಬೇರೆ ಬೇರೆ ಇತ್ತು. ಈ ವಿಷಯದಲ್ಲಿ ನನಗೆ ಮಹಾರಾಜರ ದಾರಿಯೇ ಸರಿ ಅನ್ನಿಸುತ್ತದೆ. ಯಾಕೆಂದರೆ ಇವತ್ತು ನಮ್ಮ ತರಗತಿಯಲ್ಲಿ ಕೂತಿರುವ ಎಷ್ಟೋ ಮಂದಿಗೆ ಓದಿನ ಬಾಗಿಲು ತೆರೆದದ್ದು ಅದೇ ದಾರಿಯಿಂದ. ದೊಡ್ಡವರ ಬಗ್ಗೆ ಬರೆಯುವಾಗ ಇದನ್ನೂ ಬರೆಯಬೇಕು ಅಂತ ಬರೆದಿದ್ದೇನೆ. ಅವರ ಬೇರೆ ಕೆಲಸದ ಮೇಲಿನ ಗೌರವ ಇದರಿಂದ ಕಡಿಮೆ ಆಗುವುದಿಲ್ಲ.

ಬೆಂಕಿಪುರದಲ್ಲಿ ಬೆಂಕಿ

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಇಲ್ಲಿ ಕಬ್ಬಿಣದ ಕಾರ್ಖಾನೆ ಆಗಬೇಕು ಅನ್ನುವುದು ವಿಶ್ವೇಶ್ವರಯ್ಯನವರ ಆಸೆ. ಯಾಕೆ ಇಲ್ಲಿಯೇ? ಕೆಮ್ಮಣ್ಣುಗುಂಡಿಯ ಬೆಟ್ಟದಲ್ಲಿ ಅದಿರು ಇದೆ. ಭದ್ರಾ ನದಿಯಲ್ಲಿ ನೀರು ಇದೆ. ರೈಲು ದಾರಿಯೂ ಇತ್ತು. ಆದರೆ ಕಬ್ಬಿಣ ಕರಗಿಸಲು ಬೇಕಾದ ಕಲ್ಲಿದ್ದಲು ಮೈಸೂರು ಸೀಮೆಯಲ್ಲಿ ಇಲ್ಲ. ಅದಕ್ಕೆ ಬದಲಾಗಿ ಮಲೆನಾಡಿನ ಕಾಡಿನ ಸೌದೆಯಿಂದ ಇದ್ದಿಲು ಮಾಡಿ ಉರಿಸುವುದು ಅಂತ ತೀರ್ಮಾನವಾಯಿತು. ಸೌದೆಯನ್ನು ಗಾಳಿ ಸೇರದ ಹಾಗೆ ಮುಚ್ಚಿ ಕಾಯಿಸಿದರೆ ಇದ್ದಿಲಿನ ಜೊತೆಗೆ ಮದ್ಯಸಾರದಂಥ ದ್ರವ, ಟಾರು ಮುಂತಾದವೂ ಸಿಗುತ್ತವೆ. ಅವನ್ನೂ ಮಾರಬಹುದು. ಅದಕ್ಕೇ ಕಾರ್ಖಾನೆಯ ಮೊದಲ ಹೆಸರಿನಲ್ಲಿ ಮರದ ಬಟ್ಟಿ ಇಳಿಸುವಿಕೆಯ ಮಾತೂ ಇತ್ತು.

ಕೆಲಸ ಶುರುವಾದದ್ದು 1918ರಲ್ಲಿ. ಊದು ಕುಲುಮೆ ಹೊತ್ತಿಕೊಂಡದ್ದು 1923ರ ಜನವರಿಯಲ್ಲಿ. ಅಷ್ಟು ಹೊತ್ತಿಗೆ ಮೊದಲನೇ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಬಿದ್ದುಹೋಗಿತ್ತು. ಕಾರ್ಖಾನೆ ನಷ್ಟಕ್ಕೆ ಸಿಕ್ಕಿತು. ಇದೊಂದು ಬಿಳಿಯಾನೆ, ಮುಚ್ಚಿಬಿಡಿ ಅಂತ ಎಷ್ಟೋ ಜನ ಹೇಳಿದರು. ಆಗ ಮಹಾರಾಜರ ಸರ್ಕಾರ ಮತ್ತೆ ವಿಶ್ವೇಶ್ವರಯ್ಯನವರನ್ನೇ ಕರೆಯಿತು. ದಿವಾನರಾಗಿದ್ದವರು ಬೆಂಗಳೂರಿನಲ್ಲಿ ಆರಾಮಾಗಿ ಇರಬಹುದಿತ್ತು. ಅವರು ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ 1923ರಿಂದ 1929ರವರೆಗೆ ದುಡಿದರು. ಖರ್ಚು ಎಲ್ಲೆಲ್ಲಿ ಸೋರುತ್ತಿದೆ ಅಂತ ಲೆಕ್ಕ ಹಾಕಿ ನಿಲ್ಲಿಸಿದರು. ಹೊರದೇಶದ ತಜ್ಞರು ಇದ್ದ ಜಾಗಗಳಿಗೆ ನಮ್ಮವರನ್ನೇ ತರಬೇತಿ ಕೊಟ್ಟು ತಂದರು. ಬರೀ ಕಚ್ಚಾ ಕಬ್ಬಿಣ ಮಾರುವ ಬದಲು ಎರಕದ ಪೈಪುಗಳನ್ನು ಮಾಡಿಸಿದರು. ಕಾರ್ಖಾನೆ ಉಳಿಯಿತು. 1936ರಲ್ಲಿ ಉಕ್ಕೂ ತಯಾರಾಗತೊಡಗಿತು. ಆಮೇಲೆ ಸಿಮೆಂಟೂ ಬಂತು. ಕಾರ್ಖಾನೆಗೆ ಅವರ ಹೆಸರು ಇಟ್ಟಿದ್ದು ಬಹಳ ವರ್ಷ ಆದ ಮೇಲೆ, 1976ರಲ್ಲಿ.

ಸಂಬಳದ ಹಣದಿಂದ ಒಂದು ಶಾಲೆ

ಇದು ನನಗೆ ಬಹಳ ಇಷ್ಟವಾದ ಭಾಗ. ಭದ್ರಾವತಿಯಲ್ಲಿ ದುಡಿದ ಆ ವರ್ಷಗಳಲ್ಲಿ ವಿಶ್ವೇಶ್ವರಯ್ಯನವರು ಸಂಬಳ ತೆಗೆದುಕೊಳ್ಳಲಿಲ್ಲ. ತಮಗೆ ಬರಬೇಕಾದ ಹಣದಿಂದ ಹುಡುಗರಿಗೆ ಕಸುಬು ಕಲಿಸುವ ಒಂದು ಸಂಸ್ಥೆ ಮಾಡಿ ಅಂತ ಸರ್ಕಾರವನ್ನು ಕೇಳಿಕೊಂಡರು. ಹಾಗೆ ಬೆಂಗಳೂರಿನಲ್ಲಿ 1943ರಲ್ಲಿ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆ ಆರಂಭವಾಯಿತು. ಈಗ ಅದನ್ನು ಎಸ್.ಜೆ. ಪಾಲಿಟೆಕ್ನಿಕ್ ಅಂತಾರೆ. ತಮ್ಮ ಹೆಸರು ಇಡಿ ಅಂತ ಅವರು ಕೇಳಲಿಲ್ಲ, ಮಹಾರಾಜರ ಹೆಸರು ಇಟ್ಟರು.

ಹತ್ತನೇ ತರಗತಿ ಆದ ಮೇಲೆ ಐ.ಟಿ.ಐ. ಸೇರಬೇಕು ಅಂತ ನನಗೆ ಆಸೆ ಇದೆ. ಮನೆಯಲ್ಲಿ ಅಷ್ಟಾಗಿ ಒಪ್ಪಿಗೆ ಇಲ್ಲ. ಗ್ರೀಸು ಮೆತ್ತಿಕೊಳ್ಳುವ ಕೆಲಸ ಯಾಕೆ, ಫ್ಯಾನಿನ ಕೆಳಗೆ ಕೂರುವ ಕೆಲಸ ನೋಡು ಅಂತಾರೆ. ದಿವಾನರಾಗಿದ್ದ ಒಬ್ಬರು ತಮ್ಮ ದುಡಿಮೆಯ ಹಣವನ್ನೆಲ್ಲ ಈ ಗ್ರೀಸು ಮೆತ್ತಿಕೊಳ್ಳುವ ವಿದ್ಯೆಗೇ ಕೊಟ್ಟರು ಅಂತ ತಿಳಿದ ಮೇಲೆ ಮನೆಯಲ್ಲಿ ಹೇಳಲು ನನಗೊಂದು ಮಾತು ಸಿಕ್ಕಿದೆ.

ಕೈತಪ್ಪಿದ ಕಾರು

ಆಗಿನ ಕಾಲದಲ್ಲಿ ನಮ್ಮ ದೇಶದ ರಸ್ತೆ ಮೇಲೆ ಓಡುವ ಕಾರು, ಲಾರಿ, ಬಸ್ಸು ಎಲ್ಲವೂ ಹೊರದೇಶದವು. ಕೆಲವನ್ನು ಇಲ್ಲಿ ಜೋಡಿಸುತ್ತಿದ್ದರು ಅಷ್ಟೆ, ಭಾಗಗಳೆಲ್ಲ ಹಡಗಿನಲ್ಲಿ ಬರುತ್ತಿದ್ದವು. ಕಬ್ಬಿಣ ನಮ್ಮಲ್ಲಿ ಆಗುತ್ತದೆ, ಕಾರು ಯಾಕೆ ಆಗಬಾರದು? ಇದು ವಿಶ್ವೇಶ್ವರಯ್ಯನವರ ಪ್ರಶ್ನೆ. 1935ರಲ್ಲಿ, ಎಪ್ಪತ್ತು ವರ್ಷ ದಾಟಿದ ವಯಸ್ಸಿನಲ್ಲಿ, ಅವರು ಯುರೋಪ್ ಮತ್ತು ಅಮೆರಿಕಕ್ಕೆ ಹೋಗಿ ಕಾರು ಕಾರ್ಖಾನೆಗಳನ್ನು ನೋಡಿ ಬಂದರು. ಎಷ್ಟು ಬಂಡವಾಳ ಬೇಕು, ಎಂಥ ಯಂತ್ರಗಳು ಬೇಕು ಅಂತ ಪೂರ್ತಿ ಯೋಜನೆ ತಯಾರಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಇದಕ್ಕೆ ಕೈಜೋಡಿಸಿದರು. ಅಮೆರಿಕದ ಕ್ರೈಸ್ಲರ್ ಕಂಪನಿಯ ಜೊತೆ ಮಾತುಕತೆ ಆಯಿತು.

ಮೈಸೂರು ಸರ್ಕಾರವೂ ಪಾಲು ಹಾಕಲು ಮುಂದೆ ಬಂತು. ಕಾರ್ಖಾನೆ ಬೆಂಗಳೂರಿನಲ್ಲಿ ಆಗುವುದಿತ್ತು. ಆಗ ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಬ್ರಿಟಿಷರ ಭಾರತ ಸರ್ಕಾರ ಈ ಯೋಜನೆಗೆ ಬೆಂಬಲ ಕೊಡಲಿಲ್ಲ. ಅವರ ಮಾತು ಮೀರಿ ನಡೆಯುವುದು ಮೈಸೂರಿನಂಥ ಸಂಸ್ಥಾನಕ್ಕೆ ಸಾಧ್ಯವೇ? ಮೈಸೂರು ಹಿಂದೆ ಸರಿಯಬೇಕಾಯಿತು. ಅದೇ ವಾಲ್‌ಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಅದು ಯುದ್ಧಕ್ಕೆ ಬೇಕಾಗಿತ್ತು. ನಮ್ಮ ರಾಜ್ಯಕ್ಕೆ ವಿಮಾನ ಬಂತು, ಕಾರು ಕೈತಪ್ಪಿತು. ಎಷ್ಟು ವಿಚಿತ್ರ ಅಲ್ವಾ!

ವಾಲ್‌ಚಂದ್ ಅವರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ ಮಾಡಿದರು. ಕುರ್ಲಾದ ಆ ಕಾರ್ಖಾನೆಯಿಂದ 1947ರಲ್ಲಿ ವಾಹನಗಳು ಹೊರಬಂದವು. ಆಮೇಲೆ ಇಟಲಿಯ ಫಿಯಟ್ ಕಂಪನಿಯ ಜೊತೆ ಸೇರಿ ಫಿಯಟ್ ಕಾರು ಮಾಡಿದರು. ಅದೇ ಕಾರಿಗೆ 1974ರಿಂದ ಪ್ರೀಮಿಯರ್ ಪದ್ಮಿನಿ ಅಂತ ಹೆಸರಾಯಿತು. ನಮ್ಮ ಹಿರಿಯರು ಮದುವೆ ದಿಬ್ಬಣಕ್ಕೆ ಬಾಡಿಗೆಗೆ ತರುತ್ತಿದ್ದ ಫಿಯಟ್ ಇದೇ. ಹಾಗೆ ನೋಡಿದರೆ ಪದ್ಮಿನಿ ಕಾರು ವಿಶ್ವೇಶ್ವರಯ್ಯನವರ ಯೋಜನೆಯ ಮೊಮ್ಮಗಳು ಇದ್ದ ಹಾಗೆ.

ಚೋಕ್ ಅಂದರೆ ಏನು?

ಈ ಪದ್ಮಿನಿ ಕಾರನ್ನು ನಾನು ಹತ್ತಿರದಿಂದ ನೋಡಿದ್ದು ಶಿವಮೊಗ್ಗದಲ್ಲಿ, ನಮ್ಮ ಸೋದರಮಾವ ಕೆಲಸ ಮಾಡುವ ಗ್ಯಾರೇಜಿನಲ್ಲಿ. ಕಾರಿನ ಹಳೆಯ ಕಾರ್ಬ್ಯುರೇಟರ್ ಸವೆದಿತ್ತು. ಅದರ ಬದಲು ವಿದ್ಯುತ್ ಚೋಕ್ ಇರುವ ಬೇರೆ ಕಾರ್ಬ್ಯುರೇಟರ್ ಹಾಕುತ್ತಿದ್ದರು. ಮಾವ ವಿವರಿಸಿದ್ದನ್ನು ಇಲ್ಲಿ ಬರೆಯುತ್ತೇನೆ.

ಪೆಟ್ರೋಲು ಹಾಗೇ ಉರಿಯುವುದಿಲ್ಲ, ಆವಿಯಾಗಿ ಗಾಳಿಯ ಜೊತೆ ಸೇರಬೇಕು. ಆ ಬೆರಕೆ ಮಾಡುವುದೇ ಕಾರ್ಬ್ಯುರೇಟರ್ ಕೆಲಸ. ತೂಕದ ಲೆಕ್ಕದಲ್ಲಿ 1 ಪಾಲು ಪೆಟ್ರೋಲಿಗೆ ಸುಮಾರು 15 ಪಾಲು ಗಾಳಿ ಬೇಕು. ಆದರೆ ನಮ್ಮ ಮಲೆನಾಡಿನ ಚಳಿಯ ಬೆಳಗ್ಗೆ ಇಂಜಿನ್ ತಣ್ಣಗಿರುತ್ತದೆ. ಪೆಟ್ರೋಲು ಸರಿಯಾಗಿ ಆವಿಯಾಗದೆ ಹನಿಹನಿಯಾಗಿ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಆಗ ಪೆಟ್ರೋಲಿನ ಪಾಲು ಹೆಚ್ಚಿಸಬೇಕು. ಕಾರ್ಬ್ಯುರೇಟರಿನ ಬಾಯಲ್ಲಿ ಒಂದು ತೆಳು ತಗಡಿನ ಮುಚ್ಚಳ ಇರುತ್ತದೆ. ಅದನ್ನು ಮುಚ್ಚಿದರೆ ಗಾಳಿ ಕಡಿಮೆಯಾಗಿ, ಎಳೆತ ಜಾಸ್ತಿಯಾಗಿ ಪೆಟ್ರೋಲು ಹೆಚ್ಚು ಬರುತ್ತದೆ. ಇದೇ ಚೋಕ್. ಇಂಜಿನ್ ಬಿಸಿಯಾದ ಮೇಲೆ ಅದನ್ನು ತೆರೆಯಲೇಬೇಕು. ಮರೆತರೆ ಕಪ್ಪು ಹೊಗೆ ಬರುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಪೆಟ್ರೋಲು ದಂಡ. ಹಳೆಯ ಕಾರುಗಳಲ್ಲಿ ಡ್ರೈವರ್ ಒಂದು ಗುಂಡಿಯನ್ನು ಎಳೆದು, ಆಮೇಲೆ ನೆನಪಿಟ್ಟುಕೊಂಡು ಒಳಗೆ ತಳ್ಳಬೇಕಿತ್ತು.

ವಿದ್ಯುತ್ ಚೋಕಿನಲ್ಲಿ ನೆನಪು ಬೇಕಿಲ್ಲ. ಕಾರ್ಬ್ಯುರೇಟರಿನ ಪಕ್ಕದಲ್ಲಿ ಕಪ್ಪು ಬಣ್ಣದ ದುಂಡನೆಯ ಟೋಪಿ ಇರುತ್ತದೆ. ಅದರೊಳಗೆ ಸುರುಳಿ ಸುತ್ತಿದ ಸ್ಪ್ರಿಂಗು. ಅದು ವಿಜ್ಞಾನ ಪಾಠದಲ್ಲಿ ಬರುವ ದ್ವಿಲೋಹ ಪಟ್ಟಿ. ಎರಡು ಬೇರೆ ಬೇರೆ ಲೋಹಗಳು ಕಾದಾಗ ಒಂದು ಹೆಚ್ಚು, ಒಂದು ಕಡಿಮೆ ಹಿಗ್ಗುವುದರಿಂದ ಪಟ್ಟಿ ಬಾಗುತ್ತದೆ. ತಣ್ಣಗಿದ್ದಾಗ ಆ ಸ್ಪ್ರಿಂಗು ಮುಚ್ಚಳವನ್ನು ಮುಚ್ಚಿ ಹಿಡಿದಿರುತ್ತದೆ. ಚಾವಿ ತಿರುಗಿಸಿದಾಗ ಟೋಪಿಯೊಳಗಿನ ಕಾಯಿಸುವ ತಂತಿಗೆ ಕರೆಂಟು ಬಂದು ಸ್ಪ್ರಿಂಗು ಕಾಯುತ್ತದೆ. ಕೆಲವು ನಿಮಿಷಗಳಲ್ಲಿ ಮುಚ್ಚಳ ಮೆಲ್ಲಗೆ ತೆರೆದುಕೊಳ್ಳುತ್ತದೆ.

ಈಗ ಖಡಕ್‌ವಾಸ್ಲಾ ಗೇಟನ್ನು ನೆನಪು ಮಾಡಿಕೊಳ್ಳಿ. ಅಲ್ಲಿ ನೀರು ಏರಿದಾಗ ನೀರೇ ಬಾಗಿಲು ತೆರೆಯುತ್ತದೆ. ಇಲ್ಲಿ ಶಾಖ ಏರಿದಾಗ ಶಾಖವೇ ಬಾಗಿಲು ತೆರೆಯುತ್ತದೆ. ಚೋಕನ್ನು ವಿಶ್ವೇಶ್ವರಯ್ಯನವರು ಕಂಡುಹಿಡಿಯಲಿಲ್ಲ. ಆದರೆ ಎರಡರ ಹಿಂದಿನ ಬುದ್ಧಿ ಒಂದೇ. ಮನುಷ್ಯ ಮರೆಯಬಹುದಾದ ಕೆಲಸವನ್ನು ಯಂತ್ರದ ಕೈಗೇ ಒಪ್ಪಿಸುವುದು.

ವೈರು ಎಲ್ಲಿಂದ ಎಳೆಯಬೇಕು?

ಇದು ಸುಲಭ ಅನ್ನಿಸಿದರೂ ಇದರಲ್ಲೇ ಎಲ್ಲ ಇರುವುದು. ಕ್ರಮವಾಗಿ ಬರೆದಿದ್ದೇನೆ.

1. ಮೊದಲು ಬ್ಯಾಟರಿಯ ಅರ್ಥ್ ಕಡೆಯ ವೈರು ಬಿಚ್ಚಬೇಕು. ಬ್ಯಾಟರಿಯೂ ಚೋಕೂ ಎರಡೂ 12 ವೋಲ್ಟಿನವೇ ಅಂತ ನೋಡಿಕೊಳ್ಳಬೇಕು. ಬಹಳ ಹಳೆಯ ಕೆಲವು ಕಾರುಗಳಲ್ಲಿ 6 ವೋಲ್ಟ್ ಇರುತ್ತದೆ.

2. ಚಾವಿ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಜಾಗದಿಂದ ವೈರು ತರಬೇಕು. ಬ್ಯಾಟರಿಯಿಂದ ನೇರ ಕೊಟ್ಟರೆ ಕಾರು ನಿಂತಿದ್ದಾಗಲೂ ಚೋಕ್ ಕಾಯುತ್ತಲೇ ಇರುತ್ತದೆ. ಬೆಳಗ್ಗೆ ಬ್ಯಾಟರಿ ಸತ್ತಿರುತ್ತದೆ, ಚೋಕ್ ತೆರೆದಿರುತ್ತದೆ. ಎರಡು ಕಡೆಯಿಂದಲೂ ನಷ್ಟ.

3. ಇಗ್ನಿಷನ್ ಕಾಯಿಲಿನಿಂದ ವೈರು ಕದಿಯಬಾರದು. ಹತ್ತಿರ ಸಿಗುತ್ತದೆ ಅಂತ ಎಷ್ಟೋ ಜನ ಹಾಗೆ ಮಾಡುತ್ತಾರೆ. ಕೆಲವು ಕಾರುಗಳಲ್ಲಿ ಕಾಯಿಲಿಗೆ ಮೊದಲು ಒಂದು ರೆಸಿಸ್ಟರ್ ಇರುತ್ತದೆ, ಅಲ್ಲಿ 12 ವೋಲ್ಟ್ ಪೂರ್ತಿ ಸಿಗುವುದಿಲ್ಲ. ಚೋಕ್ ನಿಧಾನವಾಗುತ್ತದೆ, ಕಿಡಿಯೂ ಬಡವಾಗುತ್ತದೆ.

4. ನಡುವೆ ಫ್ಯೂಸು ಇರಲೇಬೇಕು. ಪೆಟ್ರೋಲಿನ ಪಕ್ಕದಲ್ಲೇ ವೈರು ಹೋಗುತ್ತದೆ ಅನ್ನುವುದು ಮರೆಯಬಾರದು.

5. ಚೋಕಿನ ಇನ್ನೊಂದು ತುದಿ ಕಾರಿನ ಬಾಡಿಗೆ, ಅಂದರೆ ಅರ್ಥ್‌ಗೆ, ಗಟ್ಟಿಯಾಗಿ ಸೇರಬೇಕು. ಆ ಜಾಗದ ಬಣ್ಣ, ತುಕ್ಕು ಕೆರೆದು ಜೋಡಿಸಬೇಕು.

6. ಇಂಜಿನ್ ಶುರು ಮಾಡದೆ ಚಾವಿ ಮಾತ್ರ ತಿರುಗಿಸಿಟ್ಟರೂ ಚೋಕ್ ಕಾದುಬಿಡುತ್ತದೆ. ಅದಕ್ಕೇ ತಿಳಿದವರು ಇಂಜಿನ್ ಓಡುವಾಗ ಮಾತ್ರ ಕರೆಂಟು ಬರುವ ಹಾಗೆ ರಿಲೇ ಹಾಕುತ್ತಾರೆ.

7. ಕೊನೆಗೆ ಟೋಪಿಯ ಸ್ಕ್ರೂ ಸಡಿಲಿಸಿ, ಗುರುತು ನೋಡಿ ತಿರುಗಿಸಿ, ಇಂಜಿನ್ ತಣ್ಣಗಿದ್ದಾಗ ಮುಚ್ಚಳ ಮುಚ್ಚಿಕೊಳ್ಳುವ ಹಾಗೆ ಕೂರಿಸಬೇಕು. ಇಂಜಿನ್ ಬಿಸಿಯಾದಾಗ ಮುಚ್ಚಳ ನೆಟ್ಟಗೆ ನಿಂತಿದೆಯೇ ಅಂತ ಕಣ್ಣಾರೆ ನೋಡಬೇಕು.

ಮಾವ ಇದನ್ನೆಲ್ಲ ಮಾಡಿದ್ದು ಒಂದು ಟೆಸ್ಟ್ ಲ್ಯಾಂಪು, ಒಂದು ಕಟಿಂಗ್ ಪ್ಲೇಯರ್ ಮತ್ತು ಒಂದು ಸ್ಕ್ರೂ ಡ್ರೈವರ್ ಇಟ್ಟುಕೊಂಡು. ಪ್ರತಿ ವೈರನ್ನೂ ಲ್ಯಾಂಪು ಇಟ್ಟು ನೋಡಿದ ಮೇಲೇ ಮುಟ್ಟುತ್ತಿದ್ದರು. ಲೆಕ್ಕ ನೋಡದೆ ಮುಂದೆ ಹೋಗಬಾರದು ಅನ್ನುವ ಈ ಗುಣ ಭದ್ರಾವತಿಯ ಕಾರ್ಖಾನೆಯನ್ನು ಉಳಿಸಿದವರಲ್ಲೂ ಇತ್ತು.

ಕೊನೆಯ ವರ್ಷಗಳು ಮತ್ತು ನಂತರ

ವಿಶ್ವೇಶ್ವರಯ್ಯನವರು ಮುಪ್ಪಿನಲ್ಲೂ ಸುಮ್ಮನೆ ಕೂರಲಿಲ್ಲ. ಬಿಹಾರದ ಮೊಕಾಮದ ಹತ್ತಿರ ಗಂಗಾ ನದಿಗೆ ಎಲ್ಲಿ ಸೇತುವೆ ಕಟ್ಟಬೇಕು ಅಂತ ಸಲಹೆ ಕೊಡಲು ಹೋದಾಗ ಅವರಿಗೆ ತೊಂಬತ್ತು ದಾಟಿತ್ತು. ಆ ಸೇತುವೆ 1959ರಲ್ಲಿ ಜನರಿಗೆ ತೆರೆಯಿತು. 1955ರಲ್ಲಿ ಭಾರತ ರತ್ನ ಬಂತು. ನೂರು ವರ್ಷ ತುಂಬಿ ಬದುಕಿ 1962ರ ಏಪ್ರಿಲ್ ತಿಂಗಳಲ್ಲಿ ಅವರು ತೀರಿಕೊಂಡರು. ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿ ಇದೆ.

ಪದ್ಮಿನಿ ಕಾರಿನ ತಯಾರಿಕೆ 2000ದ ಆಸುಪಾಸಿನಲ್ಲಿ ನಿಂತುಹೋಯಿತು. ಈಗ ಹೊಸ ಕಾರುಗಳಲ್ಲಿ ಕಾರ್ಬ್ಯುರೇಟರೇ ಇಲ್ಲ, ಪೆಟ್ರೋಲಿನ ಅಳತೆಯನ್ನು ಕಂಪ್ಯೂಟರು ನೋಡಿಕೊಳ್ಳುತ್ತದೆ. ಭದ್ರಾವತಿಯ ಕಾರ್ಖಾನೆ 1998ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಪ್ರಾಧಿಕಾರಕ್ಕೆ ಸೇರಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರು ಹೋರಾಟಕ್ಕೆ ಕೂತರು. ನೂರು ವರ್ಷದ ಹಿಂದೆ ಕುಲುಮೆ ಹೊತ್ತಿಕೊಂಡದ್ದೂ ಜನವರಿಯಲ್ಲೇ. ಮುಚ್ಚಿಬಿಡಿ ಅನ್ನುವ ಮಾತನ್ನು ಈ ಊರು ಆಗ ಮತ್ತೆ ಕೇಳಿತು. ಮೊದಲ ಸಲ ಅದನ್ನು ಉಳಿಸಲು ಒಬ್ಬ ಮುದುಕರು ಸಂಬಳವಿಲ್ಲದೆ ಆರು ವರ್ಷ ದುಡಿದರು.

ಗೆಳೆಯರೇ, ಗೆಳತಿಯರೇ, ಇಂಜಿನಿಯರುಗಳ ದಿನ ಫೋಟೋಗೆ ಹಾರ ಹಾಕಿದ ಮೇಲೆ ನಾವು ಇನ್ನೂ ಒಂದು ಕೆಲಸ ಮಾಡಬಹುದು. ನಮ್ಮ ಪ್ರಯೋಗಶಾಲೆಯ ಬೀರುವಿನಲ್ಲಿ ದ್ವಿಲೋಹ ಪಟ್ಟಿ ಇದೆ. ಮೇಷ್ಟ್ರು ಅಪ್ಪಣೆ ಕೊಟ್ಟರೆ ಅದನ್ನು ಮೇಣದ ಬತ್ತಿಯ ಉರಿಗೆ ಹಿಡಿದು ಬಾಗುವುದನ್ನು ಎಲ್ಲರೂ ನೋಡೋಣ. ಮಾವನನ್ನು ಕೇಳಿ ಒಂದು ಹಳೆಯ ಚೋಕ್ ಟೋಪಿಯನ್ನು ನಾನು ತರುತ್ತೇನೆ.

ಇಂತಿ ನಿಮ್ಮ,
ಹತ್ತನೇ ತರಗತಿಯ ವಿದ್ಯಾರ್ಥಿ